ಕುಡಿದು ಚಾಲನೆ: ಮಿತಿಯ ಅಂಕಿಗಿಂತ ತಪಾಸಣೆಯ ಭಯ ದೊಡ್ಡದು

ರಕ್ತದಲ್ಲಿ ಇಂತಿಷ್ಟು ಆಲ್ಕೋಹಾಲ್ ಇದ್ದರೆ ಗಾಡಿ ಓಡಿಸುವುದೇ ಅಪರಾಧ ಎಂದು ಕಾನೂನಿನಲ್ಲಿ ಮೊದಲು ಅಂಕಿ ಬರೆದ ದೇಶ ನಾರ್ವೆ. ಅದು 1936ರಲ್ಲಿ, ಮಿತಿ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 50 ಮಿಲಿಗ್ರಾಂ. ಉಳಿದ ಕಡೆ ಆಗಿನ್ನೂ ಪೊಲೀಸರು ಮತ್ತು ವೈದ್ಯರ ಅಂದಾಜೇ ಪ್ರಮಾಣ. ಗೆರೆಯ ಮೇಲೆ ನೆಟ್ಟಗೆ ನಡೆಯುತ್ತಾನಾ, ಮಾತು ತೊದಲುತ್ತದಾ ಎಂದು ನೋಡುತ್ತಿದ್ದರು. ಕುಡಿದು ಕುಡಿದು ಪಳಗಿದವರು ಇಂಥ ಪರೀಕ್ಷೆಯಲ್ಲಿ ಸಲೀಸಾಗಿ ಪಾರಾಗುತ್ತಿದ್ದರು.

1954ರಲ್ಲಿ ಅಮೆರಿಕದ ಇಂಡಿಯಾನಾದ ರಾಬರ್ಟ್ ಬೋರ್ಕನ್‌ಸ್ಟೈನ್ ಬ್ರೆಥಲೈಸರ್ ರೂಪಿಸಿದ ಮೇಲೆ ಅಳತೆ ರಸ್ತೆಗೇ ಬಂತು. ರಕ್ತದಲ್ಲಿರುವ ಆಲ್ಕೋಹಾಲ್ ಶ್ವಾಸಕೋಶದಲ್ಲಿ ಉಸಿರಿಗೆ ಸೇರುತ್ತದೆ. ಆ ಉಸಿರು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದ ಮೂಲಕ ಹಾದಾಗ ಅದರ ಹಳದಿ ಬಣ್ಣ ಮಾಸುತ್ತದೆ. ಎಷ್ಟು ಮಾಸಿತು ಎಂಬುದರಿಂದಲೇ ಕುಡಿತದ ಲೆಕ್ಕ.

ಬ್ರಿಟನ್ನಿನಲ್ಲಿ 1967ರಲ್ಲಿ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ 80 ಮಿಲಿಗ್ರಾಂ ಮಿತಿಯನ್ನೂ ಉಸಿರಿನ ಪರೀಕ್ಷೆಯನ್ನೂ ಜಾರಿಗೆ ತಂದರು. ರಸ್ತೆ ಸಾವುಗಳು ಕೂಡಲೇ ಇಳಿದವು. ಆದರೆ ಸಿಕ್ಕಿಬೀಳುವುದು ಅಪರೂಪ ಎಂಬುದು ಚಾಲಕರಿಗೆ ಬರಬರುತ್ತಾ ಗೊತ್ತಾಯಿತು. ಕಾನೂನಿನ ಪರಿಣಾಮವೂ ಸವೆಯಿತು. ಈ ಇಡೀ ಚರಿತ್ರೆಯಲ್ಲಿ ನಾವು ಗಮನಿಸಬೇಕಾದ ಪಾಠ ಇದೇ ಎಂದು ನನಗನಿಸುತ್ತದೆ.

ಆ ಪಾಠ ಕಲಿತದ್ದು ಆಸ್ಟ್ರೇಲಿಯಾ. ನ್ಯೂ ಸೌತ್ ವೇಲ್ಸ್‌ನಲ್ಲಿ 1982ರ ಡಿಸೆಂಬರ್‌ನಿಂದ, ಅನುಮಾನ ಇರಲಿ ಬಿಡಲಿ, ಯಾವ ಚಾಲಕನನ್ನಾದರೂ ನಿಲ್ಲಿಸಿ ಊದಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಎಲ್ಲರಿಗೂ ಕಾಣುವ ಹಾಗೆ ರಸ್ತೆ ಬದಿಯಲ್ಲೇ ತಪಾಸಣೆ, ಜೊತೆಗೆ ಭರ್ಜರಿ ಪ್ರಚಾರ. ಮಿತಿ ಅದಕ್ಕೂ ಮೊದಲೇ 50ಕ್ಕೆ ಇಳಿದಿತ್ತು. ಹೊಸದಾಗಿ ಬಂದದ್ದು ‘ಇವತ್ತು ನನ್ನನ್ನೂ ನಿಲ್ಲಿಸಬಹುದು’ ಎಂಬ ಅಳುಕು. ಮರುವರ್ಷ ರಸ್ತೆ ಸಾವುಗಳು ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾದವು. ಅಷ್ಟು ಜನ ಬದುಕಿ ಉಳಿದರು.

ಇದಕ್ಕೆ ತದ್ವಿರುದ್ಧ ಸ್ಕಾಟ್ಲೆಂಡ್. 2014ರಲ್ಲಿ ಅದು ಮಿತಿಯನ್ನು 80ರಿಂದ 50ಕ್ಕೆ ಇಳಿಸಿತು, ತಪಾಸಣೆಯನ್ನು ಹೆಚ್ಚಿಸಲಿಲ್ಲ. ಅಪಘಾತಗಳು ಇದರಿಂದ ಇಳಿಯಲಿಲ್ಲ ಎಂದು ಮುಂದೆ ನಡೆದ ಅಧ್ಯಯನ ತೋರಿಸಿತು.

ಹಾಗಾಗಿ ಬರೀ ಅಂಕಿ ಹಿಡಿದು ದೇಶಗಳನ್ನು ತೂಗಿದರೆ ದಾರಿ ತಪ್ಪುತ್ತೇವೆ. ಭಾರತದ ಮೋಟಾರು ವಾಹನ ಕಾಯ್ದೆಯ ಮಿತಿ ಕೇವಲ 30 ಮಿಲಿಗ್ರಾಂ, ಇಂಗ್ಲೆಂಡಿಗಿಂತ ಎಷ್ಟೋ ಬಿಗಿ. ಆದರೂ ನಮ್ಮ ರಸ್ತೆಗಳು ಇಂಗ್ಲೆಂಡಿನಷ್ಟು ಸುರಕ್ಷಿತವಲ್ಲ. ರಸ್ತೆಯ ಸ್ಥಿತಿ, ಹೆಲ್ಮೆಟ್, ವೇಗ, ಆಂಬುಲೆನ್ಸ್ ಎಲ್ಲವೂ ಇದಕ್ಕೆ ಕಾರಣ, ನಿಜ. ಆದರೆ ಕುಡಿತದ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ವರ್ಷಕ್ಕೆ ನೂರು ಚಾಲಕರಲ್ಲಿ ಎಷ್ಟು ಮಂದಿಯನ್ನು ನಿಲ್ಲಿಸಿ ಊದಿಸುತ್ತಾರೆ? ಅಮೆರಿಕದ ಟೆಕ್ಸಸ್‌ನಂಥ ಕೆಲವು ರಾಜ್ಯಗಳಲ್ಲಂತೂ ಹೀಗೆ ತಪಾಸಣೆ ಠಾಣೆ ಹಾಕುವಂತೆಯೇ ಇಲ್ಲ.

ಜಪಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2006ರಲ್ಲಿ ಫುಕುವೊಕಾದಲ್ಲಿ ಕುಡಿದ ಚಾಲಕನೊಬ್ಬ ಕಾರಿಗೆ ಗುದ್ದಿ ಮೂವರು ಮಕ್ಕಳು ಸತ್ತಾಗ ದೇಶವೇ ಸಿಡಿದೆದ್ದಿತು. ಮರುವರ್ಷದ ತಿದ್ದುಪಡಿಯಿಂದಾಚೆಗೆ, ಓಡಿಸುತ್ತಾನೆಂದು ಗೊತ್ತಿದ್ದೂ ಮದ್ಯ ಕೊಟ್ಟವರು, ಗಾಡಿ ಕೊಟ್ಟವರು, ಕುಡಿದಿದ್ದಾನೆಂದು ತಿಳಿದೂ ತಮ್ಮನ್ನು ಕರೆದೊಯ್ಯೆಂದು ಕೇಳಿ ಪಕ್ಕದಲ್ಲಿ ಕೂತವರು, ಎಲ್ಲರಿಗೂ ಅಲ್ಲಿ ಶಿಕ್ಷೆಯಿದೆ.