ಮೂಳೆ ಕೂಡಿತು, ನಿದ್ದೆ ಕೂಡಲಿಲ್ಲ

ಪ್ರಶ್ನೆ: ಮೂರು ತಿಂಗಳ ಹಿಂದೆ ನಮ್ಮ ಯಜಮಾನರ ಬೈಕಿಗೆ ಲಾರಿ ಗುದ್ದಿತು. ಕಾಲಿನ ಮೂಳೆ ಕೂಡಿದೆ, ನಡೆದಾಡುತ್ತಾರೆ. ಆದರೆ ರಾತ್ರಿ ಬೆವತು ಎದ್ದು ಕೂರುತ್ತಾರೆ, ಹಾರನ್ ಕೇಳಿದರೆ ಬೆಚ್ಚಿಬೀಳುತ್ತಾರೆ, ಆ ರಸ್ತೆಯ ಕಡೆಗೇ ಹೋಗುವುದಿಲ್ಲ. ಎದೆ ಡವಡವ ಎನ್ನುತ್ತದೆ ಎಂದು ಇಸಿಜಿ ಮಾಡಿಸಿದೆವು, ಏನೂ ತೊಂದರೆಯಿಲ್ಲವಂತೆ. ಊರಿನ ಡಾಕ್ಟರು ನಿದ್ರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಆದರೆ ಡಾಕ್ಟರನ್ನು ದೂರುವ ಮೊದಲು ಒಂದು ಮಾತು. ಇಸಿಜಿಗೆ ಹೋದ ದಿನ ಅಪಘಾತದ ಸಂಗತಿ ಹೇಳಿದ್ದಿರಾ? ಬಹಳ ಜನ ಹೇಳುವುದಿಲ್ಲ. ಎದೆಬಡಿತ, ತಲೆನೋವು, ಹೊಟ್ಟೆಯ ಸಂಕಟ, ನಿದ್ದೆಯಿಲ್ಲ ಎಂದಷ್ಟೇ ಹೇಳುತ್ತಾರೆ. ಹೊರಗೆ ಸಾಲುಗಟ್ಟಿ ಜನ ಕೂತಿರುವಾಗ ಡಾಕ್ಟರೂ ಕೆದಕುವುದಿಲ್ಲ. ಕಾಲಿನ ಎಕ್ಸ್‌ರೇ ಮೂಳೆ ವೈದ್ಯರು ನೋಡಿದ್ದಾರೆ, ನಿದ್ದೆಯ ದೂರು ಊರಿನ ಡಾಕ್ಟರು ಕೇಳಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ನೀವೊಬ್ಬರೇ.

ನಿಮ್ಮ ಪತ್ರ ಓದಿದರೆ ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇರಬಹುದೆಂಬ ಅನುಮಾನ ಬರುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಈ ಹೆಸರು ಸೇರಿದ್ದರಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ದೊಡ್ಡ ಕಾರಣವಾಗಿತ್ತು. ಇದು ಸೈನಿಕರ ಕಾಯಿಲೆ ಎಂಬ ಭಾವನೆ ಉಳಿದದ್ದು ಹಾಗೆ. ರಸ್ತೆ ಅಪಘಾತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ, ಜೀವಕ್ಕೆ ಬಂದ ಹೆರಿಗೆ, 2018ರಲ್ಲಿ ಕೊಡಗು ಕಂಡಂಥ ಗುಡ್ಡಕುಸಿತ, ಯಾವುದರಿಂದಲೂ ಬರಬಹುದು. ಮೊದಲ ಕೆಲವು ವಾರ ಬೆಚ್ಚುವುದು ಸಹಜ. ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ದಾಟಿಯೂ ಬಿಡದೆ, ಕೆಲಸಕ್ಕೂ ಸಂಸಾರಕ್ಕೂ ಅಡ್ಡ ಬಂದರೆ ಚಿಕಿತ್ಸೆ ಬೇಕು. ನೀವು ಮೂರು ತಿಂಗಳು ಕಾದಿದ್ದೀರಿ.

ಇದನ್ನು ಗುರುತಿಸಲು ಯಂತ್ರ ಬೇಕಿಲ್ಲ. ಸಾಮಾನ್ಯ ವೈದ್ಯರಿಗೆಂದೇ ಐದು ಪ್ರಶ್ನೆಗಳ ಚಿಕ್ಕ ಪಟ್ಟಿಯಿದೆ. ಕಳೆದ ಒಂದು ತಿಂಗಳಲ್ಲಿ ಆ ಘಟನೆ ಕನಸಿನಲ್ಲೋ ಬೇಡದ ನೆನಪಾಗಿಯೋ ಬಂತೇ? ಅದನ್ನು ನೆನಪಿಸುವ ಜಾಗ, ಮಾತು ತಪ್ಪಿಸಿದಿರಾ? ಸದಾ ಎಚ್ಚರದಲ್ಲಿದ್ದು ಬೆಚ್ಚುತ್ತೀರಾ? ಜನರಿಂದ ದೂರವಾಗಿ ಮನಸ್ಸು ಮರಗಟ್ಟಿದೆಯೇ? ನಿಮ್ಮನ್ನೋ ಇತರರನ್ನೋ ದೂಷಿಸುತ್ತಲೇ ಇದ್ದೀರಾ? ಮೂರಕ್ಕೆ ಹೌದೆಂದರೆ ಕೂತು ವಿವರವಾಗಿ ವಿಚಾರಿಸಬೇಕು. ನಿಮ್ಮ ಪತ್ರದಲ್ಲೇ ಮೂರು ಕಾಣುತ್ತಿವೆ. ಜೊತೆಗೆ ಕುಡಿತ ಶುರುವಾಗಿದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ಸುಳ್ಳು ಭಯ. ಬೈಕ್ ಅಪಘಾತವಾದ್ದರಿಂದ ತಲೆಗೆ ಪೆಟ್ಟಾಗಿತ್ತೇ ಎಂಬುದನ್ನೂ ಮರೆಯಬಾರದು.

ಇನ್ನು ಮಾತ್ರೆ. ಆಲ್ಪ್ರಜೋಲಾಂ, ಕ್ಲೋನಜೆಪಾಂ ಜಾತಿಯವು ಆ ರಾತ್ರಿಗೆ ಮಂಪರು ತರುತ್ತವೆ, ಕಾಯಿಲೆಯನ್ನು ಮುಟ್ಟುವುದಿಲ್ಲ, ತಿಂಗಳುಗಟ್ಟಲೆ ನುಂಗಿದರೆ ಅವೇ ಚಟವಾಗುತ್ತವೆ. ನಿಮ್ಮ ಚೀಟಿಯಲ್ಲಿ ಇವು ಇದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ಈ ಕಾಯಿಲೆಗೆ ಕೆಲಸ ಮಾಡುವ ಔಷಧಿ ಸರ್ಟ್ರಾಲಿನ್‌ನಂಥವು. ಪರಿಣಾಮ ಕಾಣಲು ಹಲವು ವಾರ ಹಿಡಿಯುತ್ತದೆ, ಗುಣ ಕಂಡ ಮೇಲೂ ತಿಂಗಳುಗಳ ಕಾಲ ಮುಂದುವರಿಸಬೇಕಾಗುತ್ತದೆ. ಇದನ್ನು ಊರಿನ ಡಾಕ್ಟರೇ ಶುರುಮಾಡಬಹುದು.

ಆದರೂ ಮೊದಲ ಆಯ್ಕೆ ಮಾತಿನ ಚಿಕಿತ್ಸೆ. ತರಬೇತಾದವರು ಸಾಮಾನ್ಯವಾಗಿ 8ರಿಂದ 12 ಭೇಟಿಗಳಲ್ಲಿ ಆ ನೆನಪನ್ನು ಹಂತಹಂತವಾಗಿ ಎದುರಿಸಲು ಕಲಿಸುತ್ತಾರೆ. ನೆಂಟರು ಬಂದಾಗಲೆಲ್ಲ ‘ಹೇಗಾಯಿತಪ್ಪ, ಹೇಳು’ ಎಂದು ಕತೆ ಹೇಳಿಸುವುದು ಇದಲ್ಲ. ಅದನ್ನು ದಯವಿಟ್ಟು ನಿಲ್ಲಿಸಿ. ‘ಗಂಡಸಾಗಿ ಹೆದರುತ್ತೀಯಾ’ ಎಂದು ಬೈಕ್ ಹತ್ತಿಸುವ ಹಿರಿಯರನ್ನೂ ತಡೆಯಿರಿ. ಅಂತ್ರ ಕಟ್ಟಿಸಿದ್ದರೆ ಇರಲಿ, ಅದಕ್ಕಾಗಿ ಮನೆಯಲ್ಲಿ ಜಗಳ ಬೇಡ.

ಮನೋವೈದ್ಯರು ದೂರ ಎನ್ನಬೇಡಿ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಅವರು ಬರುವ ‘ಮನೋಚೈತನ್ಯ’ ಏರ್ಪಾಡಿದೆ; ನಿಮ್ಮಲ್ಲಿ ಯಾವ ವಾರ ಎಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಮಾತ್ರ ಮಂಗಳವಾರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಸಲ ಊರಿನ ಡಾಕ್ಟರ ಬಳಿಗೆ ನೀವೂ ಜೊತೆಗೆ ಹೋಗಿ. ಕೂತ ತಕ್ಷಣ, ಎದೆಬಡಿತದ ಮಾತಿಗೆ ಮೊದಲು, ‘ಲಾರಿ ಗುದ್ದಿದ ದಿನದಿಂದ ಹೀಗೆ’ ಎಂದು ಶುರುಮಾಡಿ.