ಒಂದೂಕಾಲು ಇಂಚು ಉಳಿಸಿದ ಕಲ್ಲಿದ್ದಲು

ಇಂಗ್ಲೆಂಡಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಉಗಿ ಇಂಜಿನ್ನಿನ ಚಿತ್ರ ನೀವು ನೋಡಿರುತ್ತೀರಿ. ಹಸಿರು ಬಣ್ಣ, 4472 ನಂಬರು, ಆಳೆತ್ತರ ಮೀರಿದ ಚಕ್ರ. ಎಲ್ಲರ ಕಣ್ಣೂ ಚಕ್ರದ ಮೇಲೆ. ನಾನು ಮಾತ್ರ ಸಿಲಿಂಡರ್ ಮೇಲಿನ, ಉಗಿಗೆ ಬಾಗಿಲು ತೆರೆದು ಮುಚ್ಚುವ ವಾಲ್ವ್ ಪೆಟ್ಟಿಗೆಯನ್ನು ನೋಡುತ್ತೇನೆ. ವರ್ಷಗಟ್ಟಲೆ ವಾಲ್ವ್ ಸೆಟ್ಟಿಂಗ್ ಮಾಡಿದವನ ಕಣ್ಣು ಅಲ್ಲಿಗೇ ಹೋಗುತ್ತದೆ. ಈ ಇಂಜಿನ್ನಿನ ಅಸಲಿ ಕಥೆ ಇರುವುದೂ ಅಲ್ಲೇ.

ಎಂಜಿನಿಯರ್ ನೈಜೆಲ್ ಗ್ರೆಸ್ಲಿ 1922ರಲ್ಲಿ ಡಾಂಕಾಸ್ಟರ್‌ನಲ್ಲಿ ಎ1 ವರ್ಗದ ಮೊದಲ ಇಂಜಿನ್ ಕಟ್ಟಿಸಿದರು. 4472 ಕೂಡ ಈ ವರ್ಗದ್ದೇ. ಮೂರು ಸಿಲಿಂಡರ್, ದೊಡ್ಡ ಬಾಯ್ಲರ್, 92 ಟನ್ ತೂಕ. ಮರುವರ್ಷ ಪಶ್ಚಿಮದ ಸ್ವಿಂಡನ್‌ನಿಂದ ಕ್ಯಾಸಲ್ ವರ್ಗದ ಇಂಜಿನ್ ಬಂತು. ತೂಕ ಬರೀ 80 ಟನ್. 1925ರಲ್ಲಿ ಇವನ್ನು ಓಡಿಸುತ್ತಿದ್ದ ಎರಡು ರೈಲು ಕಂಪನಿಗಳೂ ಇಂಜಿನ್ ಅದಲುಬದಲು ಮಾಡಿ ಪರೀಕ್ಷೆಗಿಟ್ಟವು. ಪೆಂಡೆನ್ನಿಸ್ ಕ್ಯಾಸಲ್ ಎಂಬ ಕ್ಯಾಸಲ್ ಇಂಜಿನ್ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಬಂದು ನಿಂತಿತು. ಅಲ್ಲಿ ಹೊರಡುತ್ತಲೇ ಏರು ದಾರಿ. ಈ ಚಿಕ್ಕ ಇಂಜಿನ್ ಭಾರದ ಗಾಡಿ ಎಳೆಯಲಾರದೆ ಚಕ್ರ ಜಾರಿಸುತ್ತದೆ ಎಂದುಕೊಂಡವರೇ ಜಾಸ್ತಿ. ಅದು ಜಾರದೆ ಹೊರಟು, ಆರು ನಿಮಿಷದೊಳಗೆ ಫಿನ್ಸ್‌ಬರಿ ಪಾರ್ಕ್ ನಿಲ್ದಾಣ ದಾಟಿತು. ಸುಟ್ಟ ಕಲ್ಲಿದ್ದಲೂ ಎ1ಗಿಂತ ಕಡಿಮೆ.

ಬಾಯ್ಲರ್ ಒತ್ತಡ ಹೆಚ್ಚಿತ್ತು, ಅದಕ್ಕೇ ಗೆದ್ದಿತು ಅನ್ನುವವರಿದ್ದಾರೆ. ಕ್ಯಾಸಲ್‌ನದು ಚದರ ಇಂಚಿಗೆ 225 ಪೌಂಡ್, ಎ1ದು 180. ಅದೂ ಒಂದು ಕಾರಣ ನಿಜ. ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ವಾಲ್ವ್‌ನ ಓಟ, ಅಂದರೆ ವಾಲ್ವ್ ಹಿಂದಕ್ಕೂ ಮುಂದಕ್ಕೂ ಸರಿಯುವ ದೂರ.

ಉಗಿಗೆ ಒಂದು ಗುಣವಿದೆ. ಸಿಲಿಂಡರ್‌ಗೆ ಸ್ವಲ್ಪ ಬಿಟ್ಟು ಬಾಗಿಲು ಮುಚ್ಚಿದರೂ ಅದು ಹಿಗ್ಗುತ್ತಾ ಪಿಸ್ಟನ್ ತಳ್ಳುತ್ತಲೇ ಇರುತ್ತದೆ. ಆ ಪುಕ್ಕಟೆ ಕೆಲಸವನ್ನು ಎಷ್ಟು ಮಾಡಿಸಿಕೊಳ್ಳುತ್ತೀರೋ ಅಷ್ಟು ಕಲ್ಲಿದ್ದಲು ಉಳಿಯಿತು. ಹಾಗಾದರೆ ಬೇಗ ಮುಚ್ಚಿಬಿಟ್ಟರೆ ಆಯಿತು, ಅಲ್ವಾ? ತೊಡಕು ಅಲ್ಲೇ ಇದೆ. ಬೇಗ ಮುಚ್ಚಬೇಕೆಂದರೆ ಡ್ರೈವರ್ ವಾಲ್ವ್‌ನ ಓಟ ಕಡಿಮೆ ಮಾಡಬೇಕು. ಓಟ ಕಡಿಮೆಯಾದರೆ ಬಾಗಿಲೂ ಕಿರಿದಾಗುತ್ತದೆ. ಶೆಡ್‌ನಲ್ಲಿ ನಾವು ಸನ್ನೆಗೋಲು ಹಾಕಿ ಚಕ್ರವನ್ನು ಇಂಚಿಂಚೇ ಉರುಳಿಸುತ್ತಾ, ಟಾರ್ಚ್ ಹಿಡಿದು ಕಿಂಡಿಯೊಳಗೆ ನೋಡುತ್ತಿದ್ದೆವು. ವಾಲ್ವ್‌ನ ಅಂಚು ಸರಿದು ಬಾಗಿಲು ತೆರೆಯುವುದು ಕೆಲವೊಮ್ಮೆ ಉಗುರಿನ ದಪ್ಪದಷ್ಟು. ಅಷ್ಟು ಸಂದಿಯಲ್ಲಿ ಇಡೀ ರೈಲು ಎಳೆಯುವ ಉಗಿ ನುಗ್ಗಬೇಕು!

ಎ1ರಲ್ಲಿ ವಾಲ್ವ್‌ನ ಪೂರ್ತಿ ಓಟವೇ ಸುಮಾರು ನಾಲ್ಕೂವರೆ ಇಂಚು. ಇನ್ನೂ ಕಡಿಮೆ ಮಾಡಿದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಡ್ರೈವರುಗಳು ಬಾಗಿಲನ್ನು ತಡವಾಗಿ ಮುಚ್ಚುವಂತೆ ಇಟ್ಟು, ಬಾಯ್ಲರ್‌ನಿಂದ ಉಗಿ ಬಿಡುವ ರೆಗ್ಯುಲೇಟರ್ ಅರ್ಧ ತಿರುವಿ ಓಡಿಸುತ್ತಿದ್ದರು. ಇನ್ನೂ ಕಸುವಿದ್ದ ಉಗಿ ಸುಮ್ನೆ ಚಿಮಣಿಯಲ್ಲಿ ಹೋಗುತ್ತಿತ್ತು. ಸ್ವಿಂಡನ್‌ನವರು ಉದ್ದ ಓಟದ ವಾಲ್ವ್ ಇಟ್ಟಿದ್ದರು. ಬೇಗ ಮುಚ್ಚಿದರೂ ಬಾಗಿಲು ಅಗಲವಾಗಿಯೇ ತೆರೆಯುತ್ತಿತ್ತು.

ಗ್ರೆಸ್ಲಿಯವರ ಸಹಾಯಕ ಬರ್ಟ್ ಸ್ಪೆನ್ಸರ್ ಈ ಬದಲಾವಣೆಯನ್ನು ಮೊದಲೇ ಸೂಚಿಸಿದ್ದರು. ಗ್ರೆಸ್ಲಿ ಆಗ ಒಪ್ಪಿರಲಿಲ್ಲ. ಪರೀಕ್ಷೆಯಲ್ಲಿ ಸೋತ ಮೇಲೆ ಒಪ್ಪಿದರು. ಆ ಮಟ್ಟದ ಎಂಜಿನಿಯರ್ ಹಟ ಬಿಟ್ಟು ಬೇರೆಯವರಿಂದ ಕಲಿತದ್ದು ನನಗೆ ಅವರ ಎಲ್ಲ ವೇಗದ ದಾಖಲೆಗಳಿಗಿಂತ ದೊಡ್ಡದು. ಓಟ ಐದೂಮುಕ್ಕಾಲು ಇಂಚಾಯಿತು. ಹೆಚ್ಚಿದ್ದು ಒಂದೂಕಾಲು ಇಂಚಿಗೂ ತುಸು ಕಡಿಮೆ. ಮೈಲಿಗೆ 50 ಪೌಂಡ್ ಬೇಕಿದ್ದ ಕಲ್ಲಿದ್ದಲು 38ರ ಆಸುಪಾಸಿಗೆ ಇಳಿಯಿತು. 1927ರಿಂದ 220 ಪೌಂಡ್ ಒತ್ತಡದ ಬಾಯ್ಲರ್ ಕೂಡ ಬಂತು. ಆ ಇಂಜಿನ್ನುಗಳೇ ಎ3.

ಲಂಡನ್‌ನಿಂದ ಎಡಿನ್‌ಬರೋಗೆ 392 ಮೈಲಿ. ಹಳೇ ಲೆಕ್ಕದಲ್ಲಿ ಸುಮಾರು 9 ಟನ್ ಕಲ್ಲಿದ್ದಲು ಬೇಕು. ಇಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಹೊಸ ಟೆಂಡರ್‌ನಲ್ಲಿ ಹಿಡಿಸುತ್ತಿದ್ದದ್ದೇ 9 ಟನ್. ಅಂದರೆ ಗಾಡಿ ಎಡಿನ್‌ಬರೋ ಮುಟ್ಟುವಾಗ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ತಳದ ಪುಡಿ ಕೆರೆಯುತ್ತಿರಬೇಕಿತ್ತು. ಹೊಸ ಲೆಕ್ಕಕ್ಕೆ 7 ಟನ್ ಸಾಕು. 1928ರ ಮೇ 1ರಂದು 4472 ಈ ದಾರಿಯನ್ನು ಎಲ್ಲೂ ನಿಲ್ಲದೆ ಓಡಿತು. ಡ್ರೈವರ್, ಫೈರ್‌ಮನ್‌ರ ಒಂದೇ ಜೋಡಿ ಅಷ್ಟು ದೂರ ದುಡಿಯಲಾಗದು. ಹಾಗಾಗಿ ಟೆಂಡರ್‌ನ ಬದಿಯಲ್ಲೇ 18 ಇಂಚು ಅಗಲ, 5 ಅಡಿ ಎತ್ತರದ ಓಣಿ ಮಾಡಿದ್ದರು. ಅರ್ಧ ದಾರಿಯಲ್ಲಿ, ಓಡುವ ರೈಲಿನಲ್ಲೇ, ಎರಡನೇ ಡ್ರೈವರ್ ಮತ್ತು ಫೈರ್‌ಮನ್ ಬೋಗಿಯಿಂದ ಎದ್ದು, ತಲೆ ಬಗ್ಗಿಸಿ, ಆ ಕತ್ತಲೆ ಓಣಿಯಲ್ಲಿ ನಡೆದು ಇಂಜಿನ್ನಿಗೆ ಬಂದರು.