ಮೈಮೇಲೆ ದೇವರು ಬಂದರೆ ಅದು ಕಾಯಿಲೆಯಾ?

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಮಾರಿಹಬ್ಬದ ದಿನ ತಮಟೆ ಏರುತ್ತಿದ್ದ ಹಾಗೆ ಯಾರೋ ಒಬ್ಬ ಹೆಂಗಸಿನ ಮೈಮೇಲೆ ದೇವರು ಬರುತ್ತದೆ. ನಡುಗುತ್ತಾರೆ, ಬೇರೆ ದನಿಯಲ್ಲಿ ಮಾತಾಡುತ್ತಾರೆ, ಜನ ಕೈಮುಗಿದು ಮಳೆ ಬೆಳೆ ಕೇಳುತ್ತಾರೆ. ಅದೇ ಹೆಂಗಸು ಮೈಸೂರಿನ ಸಿಟಿ ಬಸ್ಸಿನಲ್ಲಿ ಹಾಗೆ ನಡುಗಿದರೆ ಸೀದಾ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ ಇದನ್ನು ಗಮನಿಸಿದೆ. ತಮ್ಮವರೆಲ್ಲ ಒಪ್ಪಿದ ಆಚರಣೆಯ ಭಾಗವಾಗಿ ಮೈಮೇಲೆ ಬಂದರೆ ಅದು ಕಾಯಿಲೆ ಅಲ್ಲ. ಬೇಡವೆಂದರೂ ಬಂದು, ಆ ವ್ಯಕ್ತಿಯನ್ನು ನರಳಿಸಿ ಬದುಕನ್ನೇ ಕೆಡಿಸಿದರೆ ಕಾಯಿಲೆ. ಅಂದರೆ ಗೆರೆ ಬರಿ ಮಿದುಳಿನೊಳಗೆ ಇಲ್ಲ, ಸುತ್ತಲಿನ ಜನರ ನಡುವೆಯೂ ಇದೆ.

ಈ ಗೆರೆಯನ್ನು ತಪ್ಪಾಗಿ ಎಳೆದದ್ದೂ ಉಂಟು. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಓಡಿಹೋಗುವುದೇ ಒಂದು ಮನೋರೋಗ ಎಂದು ಬರೆದ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರು ತಮ್ಮ ಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗೆ 1990 ಆಗಬೇಕಾಯಿತು.

ವಂಶವಾಹಿಗಳನ್ನು ನೋಡಿದರೂ 'ನಾವು' 'ಅವರು' ಎಂಬ ಗೋಡೆ ಸಿಗುವುದಿಲ್ಲ. 2022ರ ಒಂದು ದೊಡ್ಡ ಅಧ್ಯಯನ, ಇಲ್ಲದ ದನಿ ಕೇಳಿಸುವಂಥ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾಕ್ಕೆ ನಂಟಿರುವ 287 ತಾಣಗಳನ್ನು ನಮ್ಮ ಡಿಎನ್‌ಎಯಲ್ಲಿ ಗುರುತಿಸಿತು. ಒಂದೊಂದರ ಪ್ರಭಾವ ತೀರಾ ಸಣ್ಣದು, ಮತ್ತು ಅಂಥ ವ್ಯತ್ಯಾಸಗಳಲ್ಲಿ ಕೆಲವು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಆಟಿಸಂ (ಮಾತು, ಒಡನಾಟ ಬೇರೆ ಥರ ಬೆಳೆಯುವ ಸ್ಥಿತಿ) ಇರುವ ಮಕ್ಕಳನ್ನು ಕರೆದುಕೊಂಡು ಬರುವ ಎಷ್ಟೋ ಅಪ್ಪ ಅಮ್ಮಂದಿರ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಮಗು ಯಾವಾಗ ಎಲ್ಲರ ಹಾಗೆ ಆಗುತ್ತದೆ? ಅವರ ಸಂಕಟ ಸುಮ್ನೆ ಅಲ್ಲ. ಆದರೆ 1990ರ ದಶಕದಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಮತ್ತು ಆಟಿಸಂ ಇರುವ ಹಲವರು ಪ್ರಶ್ನೆಯನ್ನೇ ತಿರುಗಿಸಿದರು. ಮಿದುಳುಗಳು ಮೊದಲಿಂದಲೂ ಬಗೆಬಗೆಯವು, ಹಾಗಿದ್ದ ಮೇಲೆ ಮಗುವನ್ನೇ ಯಾಕೆ ಬದಲಿಸಬೇಕು, ಗದ್ದಲದ ತರಗತಿಯನ್ನು, ಬಾಯಲ್ಲಿ ಉತ್ತರ ಹೇಳಿದರೆ ಮಾತ್ರ ಜಾಣ ಎನ್ನುವ ಶಾಲೆಯನ್ನು ಬದಲಿಸಬಾರದಾ? ಮಾತು ಬಾರದ ಮಗುವಿಗೆ ಚಿತ್ರದ ಹಲಗೆ ಕೊಟ್ಟರೆ ಅದು ನೀರು ಬೇಕು ಎಂದು ತೋರಿಸುತ್ತದೆ. ಆಟಿಸಂ ಹೋಗಿಲ್ಲ, ಮಗುವಿನ ಗೋಳು ಕಡಿಮೆಯಾಗಿದೆ.

ಇಲ್ಲಿಯವರೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮುಂದಕ್ಕೆ ಹೋದರೆ ಭಯವಾಗುತ್ತದೆ. ಹೆರಿಗೆಯಾಗಿ ವಾರಗಟ್ಟಲೆ ನಿದ್ದೆಯಿಲ್ಲದೆ, ಮಗುವನ್ನು ನೋಡಿದರೂ ಏನೂ ಅನ್ನಿಸದೆ ಕೂತ ಬಾಣಂತಿಗೆ, ಅಥವಾ ಕಬ್ಬಿನ ಬಾಕಿ ಬಾರದೆ ಸಾಲದಲ್ಲಿ ಮುಳುಗಿ ಊಟ ಮಾತು ಬಿಟ್ಟ ರೈತನಿಗೆ 'ಇದು ಸಹಜ ವೈವಿಧ್ಯ' ಎಂದು ಹೇಳಿ ಎದ್ದುಹೋಗುವುದು ಕ್ರೂರ. ಬಾಣಂತಿಗೆ ಚಿಕಿತ್ಸೆ ಬೇಕು. ರೈತನಿಗೆ ಚಿಕಿತ್ಸೆಯೂ ಬೇಕು, ಬಾಕಿ ಹಣವೂ ಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ಕ್ಕಿಂತ ಜಾಸ್ತಿ. ನಮ್ಮಲ್ಲಿ ಮಾತ್ರೆ ಜಾಸ್ತಿಯಾಗಿಲ್ಲ, ತಲುಪೇ ಇಲ್ಲ.

ಒಬ್ಬ ಮನುಷ್ಯ ಬೇರೆ ಥರ ಇದ್ದಾನಾ ಎನ್ನುವುದು ಒಂದು ಪ್ರಶ್ನೆ, ನರಳುತ್ತಿದ್ದಾನಾ ಎನ್ನುವುದು ಇನ್ನೊಂದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇವೆರಡನ್ನು ಬೆರೆಸಿಲ್ಲ. ಸಮಾಜದ ನೀತಿ, ನಂಬಿಕೆಗಳಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮನೋರೋಗಿ ಎನ್ನುವಂತಿಲ್ಲ ಎನ್ನುತ್ತದೆ ಅದರ 3ನೇ ಕಲಮು. ಅದೇ ಕಾಯ್ದೆ ಸರ್ಕಾರದ ಖರ್ಚಿನಲ್ಲಿ ನಡೆಯುವ ಕಡೆ ಚಿಕಿತ್ಸೆ ಪಡೆಯುವುದನ್ನು ಎಲ್ಲರ ಹಕ್ಕು ಮಾಡಿದೆ. ಮನೆಯಲ್ಲಿ ಯಾರಾದರೂ ನರಳುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.